ನಾಲ್ಕಡಿ ಮಣ್ಣಿಗೆ ನಲವತ್ತಡಿ ಮರ ಯಾಕೆ ಸ್ವಾಮಿ?

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ 20ಕ್ಕೆ 30, ಜಾಸ್ತಿ ಅಂದರೆ 30ಕ್ಕೆ 40 ಅಡಿ ಸೈಟು. ಮನೆ ಕಟ್ಟಿ, ಸಂಪು ತೋಡಿ, ಸ್ಕೂಟರ್ ನಿಲ್ಲಿಸಿದ ಮೇಲೆ ಉಳಿಯೋದು ಗೇಟಿನ ಪಕ್ಕದ ನಾಲ್ಕಡಿ ಮಣ್ಣು. ಅಲ್ಲೊಂದು ಗುಲ್‌ಮೊಹರ್ ನೆಡುವ ಆಸೆ! ಬೇಸಿಗೆಯಲ್ಲಿ ಬೀದಿಯನ್ನೇ ಕೆಂಪು ಮಾಡುವ ಮರ ಯಾರಿಗೆ ತಾನೇ ಬೇಡ?

ಆದರೆ ಮಡಗಾಸ್ಕರ್ ಮೂಲದ ಈ ಮರ 30-40 ಅಡಿ ಏರುತ್ತೆ, ಕೊಡೆಯಂತೆ ಹರಡುತ್ತೆ. ಬೇರು ಮೇಲ್ಮಣ್ಣಲ್ಲೇ ಓಡಿ ಕಾಂಪೌಂಡು ಬಿರುಕು ಬಿಡಿಸುತ್ತೆ. ಗಾಳಿಮಳೆಗೆ ಕೊಂಬೆ ಮುರಿದರೆ ಕರೆಂಟ್ ತಂತಿಯೂ ಹೋಯ್ತು. ಕಡಿಸೋಣ ಅಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅಡ್ಡ ನಿಲ್ಲುತ್ತೆ. ಸ್ವಂತ ಜಾಗದ ಮರಕ್ಕೂ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕು.

ಇದಕ್ಕೆ ಸುಲಭ ದಾರಿ ರತ್ನಗಂಧಿ. ಕೆಂಜಿಗೆ ಅಂತಲೂ ಕರೀತಾರೆ. ಅದೇ ಬಗೆಯ ಕೆಂಪು-ಹಳದಿ ಹೂ, ಅದೇ ಬಗೆಯ ಸಣ್ಣೆಲೆ. ಎತ್ತರ ಮಾತ್ರ 8-10 ಅಡಿ. ಬೀಜದ ಸಿಪ್ಪೆ ಗಟ್ಟಿ, ಬಿಸಿನೀರಲ್ಲಿ ರಾತ್ರಿಯೆಲ್ಲ ನೆನೆಸಿ ಬಿತ್ತಬೇಕು. ಒಳ್ಳೆ ಬಿಸಿಲು, ನೀರು ನಿಲ್ಲದ ಮಣ್ಣು, ಇಷ್ಟಿದ್ದರೆ ಸಾಕು. ಹೂ ಬಿಡೋದು ಹೊಸ ಚಿಗುರಿನ ತುದಿಯಲ್ಲಿ. ಚಳಿ ಕಳೆದ ಮೇಲೆ ಕೊಂಬೆ ಸವರಿದರೆ ಗಿಡ ಅಂಕೆಯಲ್ಲಿರುತ್ತೆ, ಹೂವೂ ಜಾಸ್ತಿ. ಚಿಟ್ಟೆಗಳಿಗೂ ಹಬ್ಬ.

ಎರಡು ಎಚ್ಚರಿಕೆ. ಕಾಂಡದಲ್ಲಿ ಮುಳ್ಳಿದೆ, ಓಡಾಡುವ ದಾರಿಗೆ ಬಾಗದಂತೆ ನೋಡಿಕೊಳ್ಳಬೇಕು. ಬೀಜ ವಿಷ, ಮಕ್ಕಳ ಬಾಯಿಗೆ ಹೋಗಬಾರದು.

ಸೈಟು ಅಳೆದು ಮನೆ ಕಟ್ಟುವ ಜನ ಗಿಡವನ್ನೂ ಅಳೆದು ನೆಟ್ಟರೆ, ಇಪ್ಪತ್ತು ವರ್ಷ ಬೆಳೆದ ಮರದ ಬುಡಕ್ಕೆ ಕೊಡಲಿ ಬೀಳೋದು ತಪ್ಪುತ್ತೆ.