ಫೋಟೊ ಮುದ್ರಣ: ಮನೆಯಲ್ಲೋ, ಅಂತರ್ಜಾಲದಲ್ಲೋ?

ಮೊಬೈಲ್ ಫೋನಿನಲ್ಲಿ ತೆಗೆದ ಛಾಯಾಚಿತ್ರಗಳನ್ನು ಕಾಗದಕ್ಕೆ ಇಳಿಸಬೇಕೆಂದರೆ ಇಂದು ಎರಡು ದಾರಿಗಳು ಎದ್ದು ಕಾಣುತ್ತವೆ. ಮನೆಗೊಂದು ಪ್ರಿಂಟರ್ ಕೊಂಡು ತಾವೇ ಮುದ್ರಿಸಿಕೊಳ್ಳುವುದು ಒಂದು. ಅಂತರ್ಜಾಲದ ಮೂಲಕ ದೂರದ ಲ್ಯಾಬಿಗೆ ಚಿತ್ರಗಳನ್ನು ಕಳುಹಿಸಿ ಪ್ರಿಂಟುಗಳನ್ನು ಅಂಚೆಯಲ್ಲೋ ಕೊರಿಯರಿನಲ್ಲೋ ತರಿಸಿಕೊಳ್ಳುವುದು ಇನ್ನೊಂದು. ಬೆಂಗಳೂರಿನ ಮಧ್ಯಮ ವರ್ಗದ ಮನೆಗೆ ಇದು ಕೇವಲ ಅನುಕೂಲದ ಪ್ರಶ್ನೆ. ಚಾಮರಾಜನಗರ, ಗುಂಡ್ಲುಪೇಟೆಗಳಂತಹ ಊರುಗಳಲ್ಲಿ ಇದು ಅಷ್ಟಕ್ಕೇ ನಿಲ್ಲುವುದಿಲ್ಲ. ಇಲ್ಲಿ ಮೂರನೆಯ ದಾರಿಯಾಗಿ ಪೇಟೆ ಬೀದಿಯ ಸ್ಟುಡಿಯೊ ಇದೆ. ಮೂರೂ ದಾರಿಗಳಲ್ಲಿ ಒಂದನ್ನೂ ಹಿಡಿಯದೆ ನೆನಪುಗಳನ್ನೆಲ್ಲ ಫೋನಿನಲ್ಲೇ ಬಿಟ್ಟಿರುವ ಸಾವಿರಾರು ಮನೆಗಳಿವೆ. ಆದ್ದರಿಂದ ಈ ಆಯ್ಕೆಯ ಲೆಕ್ಕವನ್ನು ತುಸು ಸಾವಧಾನವಾಗಿ ಮಾಡಬೇಕಾಗಿದೆ.

ಚಾಮರಾಜನಗರವು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಕಚೇರಿಗಳು ಬಂದರೂ ಪೇಟೆಯ ಅನೇಕ ವ್ಯವಹಾರಗಳಿಗೆ ಮೈಸೂರೇ ಆಧಾರವಾಗಿ ಉಳಿಯಿತು. ಫೋಟೊ ಮುದ್ರಣವೂ ಅವುಗಳಲ್ಲೊಂದು. ಬಣ್ಣದ ಚಿತ್ರಗಳನ್ನು ತೊಳೆದು ಮುದ್ರಿಸುವ ಯಂತ್ರಕ್ಕೆ ದಿನವೂ ಸಾಕಷ್ಟು ಕೆಲಸ ಬೇಕು. ಇಲ್ಲವಾದರೆ ಅದರ ರಾಸಾಯನಿಕ ದ್ರಾವಣಗಳು ಕೆಡುತ್ತವೆ. ಸಣ್ಣ ಊರಿನ ಗಿರಾಕಿಗಳಿಂದ ಅಷ್ಟು ಕೆಲಸ ಹುಟ್ಟುವುದಿಲ್ಲ. ಹೀಗಾಗಿ ಸಣ್ಣ ಊರಿನ ಸ್ಟುಡಿಯೊಗಳು ರೀಲುಗಳನ್ನು ಒಟ್ಟುಮಾಡಿ ದೊಡ್ಡ ಊರಿನ ಲ್ಯಾಬಿಗೆ ಕಳುಹಿಸುವುದು ವಾಡಿಕೆಯಾಗಿತ್ತು. ಬಸ್ಸಿನಲ್ಲಿ ಹೋದ ರೀಲು ಬಸ್ಸಿನಲ್ಲೇ ಪ್ರಿಂಟಾಗಿ ಹಿಂತಿರುಗುತ್ತಿತ್ತು. ಅಂತರ್ಜಾಲದ ಲ್ಯಾಬ್ ಎಂಬುದು ಅರ್ಥಶಾಸ್ತ್ರದ ದೃಷ್ಟಿಯಿಂದ ಹೊಸದೇನೂ ಅಲ್ಲ. ಹಂಚಿಹೋದ ಬೇಡಿಕೆಯನ್ನು ಒಂದೆಡೆ ಕೂಡಿಸಿ ದೊಡ್ಡ ಯಂತ್ರಕ್ಕೆ ಉಣಿಸುವ ಅದೇ ವ್ಯವಸ್ಥೆ. ಬಸ್ಸಿನ ಬದಲು ಹೋಗುವಾಗ ತಂತಿ, ಬರುವಾಗ ಕೊರಿಯರ್.

ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಸಾಗುವ ರಸ್ತೆ ಉದಕಮಂಡಲವನ್ನು ಸೇರುತ್ತದೆ. ಕೇಂದ್ರ ಸರ್ಕಾರ 1960ರಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಫೋಟೊ ಫಿಲಂಸ್ ಕಾರ್ಖಾನೆ ಇದ್ದದ್ದು ಅಲ್ಲಿಯೇ. 'ಇಂದು' ಹೆಸರಿನ ಅದರ ಕಪ್ಪು-ಬಿಳುಪು ಫಿಲಂ, ಫೋಟೊ ಕಾಗದಗಳು ಒಂದು ಕಾಲಕ್ಕೆ ದೇಶದ ಸ್ಟುಡಿಯೊಗಳಿಗೆಲ್ಲ ಪರಿಚಿತವಾಗಿದ್ದವು. ಬಣ್ಣದ ಫಿಲಂ ಬಂದಾಗಲೇ ತತ್ತರಿಸಿದ ಆ ಕಾರ್ಖಾನೆ 1990ರ ದಶಕದಲ್ಲಿ ರೋಗಗ್ರಸ್ತ ಉದ್ದಿಮೆ ಎನಿಸಿಕೊಂಡಿತು. ಡಿಜಿಟಲ್ ಯುಗದಲ್ಲಿ ಚೇತರಿಸಿಕೊಳ್ಳಲಾಗದೆ ಕೊನೆಗೆ ಬಾಗಿಲು ಮುಚ್ಚಿತು. ಜಗತ್ತಿನ ದೈತ್ಯ ಸಂಸ್ಥೆಯಾಗಿದ್ದ ಕೊಡಾಕ್ ಕೂಡ 2012ರಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು.

ಈ ಬದಲಾವಣೆಯ ತಿರುಳು ಇಷ್ಟೆ. ರೀಲಿನ ಕಾಲದಲ್ಲಿ ಚಿತ್ರ ತೆಗೆಯುವುದಕ್ಕೇ ಖರ್ಚು ತಗಲುತ್ತಿತ್ತು. ಒಂದು ರೀಲಿಗೆ 36 ಚಿತ್ರ. ತೆಗೆದದ್ದನ್ನೆಲ್ಲ ತೊಳೆಸಿ ಪ್ರಿಂಟು ಹಾಕಿಸುವುದು ರೂಢಿ. ಈಗ ತೆಗೆಯುವುದು ಪುಕ್ಕಟೆ, ಮುದ್ರಿಸುವುದಷ್ಟೇ ಖರ್ಚು. ಪುಕ್ಕಟೆಯಾದದ್ದು ಹೇರಳವಾಯಿತು, ಖರ್ಚಿನದ್ದು ಮುಂದೂಡಲ್ಪಟ್ಟಿತು. ಆಷಾಢದಲ್ಲಿ ನಡೆಯುವ ಚಾಮರಾಜೇಶ್ವರನ ರಥೋತ್ಸವಕ್ಕೆ ಬರುವ ನವದಂಪತಿಗಳು ಇಂದು ತೇರಿನ ಮುಂದೆ ಹತ್ತಾರು ಚಿತ್ರ ತೆಗೆದುಕೊಳ್ಳುತ್ತಾರೆ. ಅವರ ತಂದೆ-ತಾಯಿಗಳ ಕಾಲದಲ್ಲಿ ಒಂದೋ ಎರಡೋ ಚಿತ್ರ ಇರುತ್ತಿದ್ದವು, ಆದರೆ ಅವು ಕಟ್ಟು ಹಾಕಿಸಿಕೊಂಡು ನಡುಮನೆಯ ಗೋಡೆಯಲ್ಲಿ ಇಂದಿಗೂ ಇವೆ.

ಇನ್ನು ಲೆಕ್ಕಕ್ಕೆ ಬರೋಣ. ಬೆಲೆಗಳು ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಇಲ್ಲಿ ಕೊಡುವ ಅಂಕಿಗಳು ಉದಾಹರಣೆಗೆ ಮಾತ್ರ, ಓದುಗರು ತಮ್ಮ ಅಂಕಿಗಳನ್ನು ಹಾಕಿಕೊಳ್ಳಬಹುದು. ಒಂದು ಫೋಟೊ ಪ್ರಿಂಟರಿಗೆ 12,000 ರೂಪಾಯಿ, ಅದರ ಆಯುಷ್ಯ 5 ವರ್ಷ, 4×6 ಅಂಗುಲದ ಒಂದು ಪ್ರಿಂಟಿಗೆ ಶಾಯಿ-ಕಾಗದದ ವೆಚ್ಚ 8 ರೂಪಾಯಿ ಎಂದುಕೊಳ್ಳೋಣ. ಅಂತರ್ಜಾಲದ ಲ್ಯಾಬಿನಲ್ಲಿ ಪ್ರಿಂಟಿಗೆ 6 ರೂಪಾಯಿ, ಪ್ರತಿ ಸಲ ತರಿಸಲು ಸಾಗಣೆ ವೆಚ್ಚ 80 ರೂಪಾಯಿ. ಪೇಟೆಯ ಸ್ಟುಡಿಯೊದಲ್ಲಿ ಪ್ರಿಂಟಿಗೆ 15 ರೂಪಾಯಿ, ಬೇರೆ ಖರ್ಚಿಲ್ಲ. ವರ್ಷಕ್ಕೆ 100 ಚಿತ್ರ ಮುದ್ರಿಸುವ ಕುಟುಂಬಕ್ಕೆ ಮನೆಯ ಪ್ರಿಂಟು ತಲಾ 32 ರೂಪಾಯಿ ಬೀಳುತ್ತದೆ. ಇದರಲ್ಲಿ 24 ರೂಪಾಯಿ ಯಂತ್ರದ ಪಾಲು. ಎರಡು ಸಲ ತರಿಸಿಕೊಂಡರೆ ಅಂತರ್ಜಾಲದ್ದು 7 ರೂಪಾಯಿ 60 ಪೈಸೆ, ಸ್ಟುಡಿಯೊದ್ದು 15 ರೂಪಾಯಿ. ಸ್ಟುಡಿಯೊಗಿಂತ ಮನೆಯ ಪ್ರಿಂಟರ್ ಅಗ್ಗವಾಗಬೇಕಾದರೆ ವರ್ಷಕ್ಕೆ 343 ಚಿತ್ರಗಳನ್ನಾದರೂ ಮುದ್ರಿಸಬೇಕು. ಅಷ್ಟು ಮುದ್ರಿಸುವ ಮನೆಗಳು ಎಷ್ಟಿವೆ? ಇತ್ತ ನಾಲ್ಕೇ ಚಿತ್ರ ಬೇಕಾದವರಿಗೆ ಅಂತರ್ಜಾಲದ ಪ್ರಿಂಟು ತಲಾ 26 ರೂಪಾಯಿಗೆ ಏರುತ್ತದೆ. ಆಗ ಸ್ಟುಡಿಯೊವೇ ಅಗ್ಗ. ಅಗ್ಗ-ದುಬಾರಿ ಎಂಬುದು ಯಂತ್ರದ ಗುಣವಲ್ಲ, ಬಳಕೆಯ ಪ್ರಮಾಣದ ಗುಣ.

ಮನೆಯ ಪ್ರಿಂಟರಿಗೆ ಲೆಕ್ಕದಲ್ಲಿ ಕಾಣದ ಇನ್ನೊಂದು ಖರ್ಚಿದೆ. ಶಾಯಿ ಚಿಮ್ಮಿಸುವ ಯಂತ್ರವನ್ನು ವಾರಗಟ್ಟಲೆ ಮುಟ್ಟದಿದ್ದರೆ ಸೂಕ್ಷ್ಮ ರಂಧ್ರಗಳಲ್ಲಿ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ. ಅದನ್ನು ಬಿಡಿಸಲು ಯಂತ್ರ ಮತ್ತಷ್ಟು ಶಾಯಿಯನ್ನು ಸುರಿದು ತನ್ನನ್ನು ತಾನೇ ತೊಳೆದುಕೊಳ್ಳಬೇಕು. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಮುದ್ರಿಸುವವರ ಶಾಯಿ ಚಿತ್ರಕ್ಕಿಂತ ಹೆಚ್ಚಾಗಿ ತೊಳೆಯುವುದಕ್ಕೇ ಹೋಗುತ್ತದೆ. ಬಣ್ಣದ ಪಟ್ಟಿಯನ್ನು ಕಾಯಿಸಿ ಮುದ್ರಿಸುವ ಚಿಕ್ಕ ಯಂತ್ರಗಳಿಗೆ ಈ ತೊಂದರೆಯಿಲ್ಲ. ಆದರೆ ಅವುಗಳ ಕಾಗದ-ಪಟ್ಟಿಗಳ ಜೋಡಿಯನ್ನು ಆಯಾ ಕಂಪನಿಯಿಂದಲೇ ಕೊಳ್ಳಬೇಕು. ಬಾಳಿಕೆಯ ಮಾತೂ ಇದೆ. ಅಗ್ಗದ ಡೈ ಶಾಯಿಯ ಚಿತ್ರವನ್ನು ಗಾಜಿಲ್ಲದೆ ಬಿಸಿಲು ಬೀಳುವ ಗೋಡೆಗೆ ತೂಗುಹಾಕಿದರೆ ಬೇಗನೆ ಮಂಕಾಗುತ್ತದೆ. ಪಿಗ್ಮೆಂಟ್ ಶಾಯಿ ಹೆಚ್ಚು ಬಾಳುತ್ತದೆ, ಯಂತ್ರವೂ ಅಷ್ಟೇ ದುಬಾರಿ.

ಅಂತರ್ಜಾಲದ ಲ್ಯಾಬುಗಳ ಶಕ್ತಿ ಅವುಗಳ ಯಂತ್ರದಲ್ಲಿದೆ. ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ಲೇಸರ್ ಬೆಳಕು ಹಾಯಿಸಿ, ದ್ರಾವಣದಲ್ಲಿ ತೊಳೆದು ತೆಗೆಯುವ ಪ್ರಿಂಟು ಇಂದಿಗೂ ನಂಬಿಕೆಗೆ ಅರ್ಹವಾದುದು. ಆದರೆ ಎಲ್ಲ ಲ್ಯಾಬುಗಳೂ ಇದನ್ನೇ ಬಳಸುವುದಿಲ್ಲ. ಕೆಲವು ಶಾಯಿಯನ್ನೂ, ಆಲ್ಬಮ್ ಪುಸ್ತಕಗಳಿಗೆ ಟೋನರನ್ನೂ ಬಳಸುತ್ತವೆ. ಹಣ ಕಟ್ಟುವ ಮುನ್ನ ಯಾವುದೆಂದು ಕೇಳಿ ತಿಳಿಯುವುದು ಗಿರಾಕಿಯ ಹಕ್ಕು.

ಮತ್ತೆರಡು ಎಚ್ಚರಿಕೆಗಳು ಅಗತ್ಯ. ಬಹುತೇಕ ಫೋನುಗಳ ಚಿತ್ರದ ಅಳತೆ 4:3ರ ಪ್ರಮಾಣದಲ್ಲಿರುತ್ತದೆ, 4×6ರ ಕಾಗದ 3:2ರ ಪ್ರಮಾಣದ್ದು. ಆರು ಅಂಗುಲ ಅಗಲಕ್ಕೆ ಚಿತ್ರ ನಾಲ್ಕೂವರೆ ಅಂಗುಲ ಎತ್ತರ ಬೇಡುತ್ತದೆ. ಕಾಗದದಲ್ಲಿ ಇರುವುದು ನಾಲ್ಕೇ. ಆ ಅರ್ಧ ಅಂಗುಲವನ್ನು ಯಂತ್ರ ತಾನೇ ಕತ್ತರಿಸಿಬಿಡುತ್ತದೆ. ಮದುವೆಯ ಗುಂಪಿನ ಚಿತ್ರದಲ್ಲಿ ಹಿಂದಿನ ಸಾಲಿನವರ ತಲೆಯೋ ಮುಂದೆ ಕುಳಿತವರ ಪಾದವೋ ಹೋಗುವುದು ಹೀಗೆ. ಸ್ಟುಡಿಯೊದವನು ಕಣ್ಣಿಟ್ಟು ನೋಡಿ ಇದನ್ನು ತಪ್ಪಿಸಬಲ್ಲ; ದೂರದ ಯಂತ್ರಕ್ಕೆ ಅಜ್ಜಿಯ ತಲೆ ಯಾವುದು, ಚಪ್ಪರದ ಗಳು ಯಾವುದು ಎಂಬ ಭೇದ ತಿಳಿಯದು. ಎರಡನೆಯದು ವಾಟ್ಸ್‌ಆ್ಯಪ್. ಅದರಲ್ಲಿ ಮಾಮೂಲಿಯಾಗಿ ಕಳುಹಿಸಿದ ಚಿತ್ರ ಕುಗ್ಗಿಹೋಗುತ್ತದೆ. 4×6ರ ಒಳ್ಳೆಯ ಪ್ರಿಂಟಿಗೆ ಸುಮಾರು 1200×1800 ಬಿಂದುಗಳು ಬೇಕು. 8×12ಕ್ಕೆ ಅದರ ನಾಲ್ಕು ಪಟ್ಟು. ಕುಗ್ಗಿದ ಚಿತ್ರ ಚಿಕ್ಕ ಪ್ರಿಂಟಿಗೆ ಹೇಗೋ ಸಾಕಾದೀತು, ಗೋಡೆಯ ಪಟಕ್ಕೆ ಸಾಲದು. ಚಿತ್ರವನ್ನು 'ಡಾಕ್ಯುಮೆಂಟ್' ಆಗಿ ಕಳುಹಿಸಿದರೆ ಅದು ಕುಗ್ಗುವುದಿಲ್ಲ.

ಲ್ಯಾಬಿಗೆ ಕಳುಹಿಸಿದ್ದೇವಲ್ಲ, ಅಲ್ಲಿ ಭದ್ರವಾಗಿರುತ್ತದೆ ಎಂಬ ನಂಬಿಕೆಯೂ ಬೇಡ. ಲಕ್ಷಾಂತರ ಜನರ ಆಲ್ಬಮ್‌ಗಳಿದ್ದ ಕೊಡಾಕ್ ಗ್ಯಾಲರಿ 2012ರಲ್ಲಿ ಮುಚ್ಚಿ, ಗಿರಾಕಿಗಳು ಬೇರೊಂದು ಕಂಪನಿಯ ಪಾಲಾದರು. ಗೂಗಲ್ ಫೋಟೊಸ್ ತನ್ನ ಮಿತಿಯಿಲ್ಲದ ಉಚಿತ ಸಂಗ್ರಹವನ್ನು 2021ರ ಜೂನ್ 1ರಿಂದ ನಿಲ್ಲಿಸಿತು. ಮುದ್ರಣಾಲಯ ಬೇರೆ, ಉಗ್ರಾಣ ಬೇರೆ.

ಈ ನಡುವೆ ಪೇಟೆ ಬೀದಿಯ ಸ್ಟುಡಿಯೊದ ಸ್ಥಿತಿಯೇನು? ಅದರ ನಿತ್ಯದ ಅನ್ನ ಬಹುಮಟ್ಟಿಗೆ ಸರ್ಕಾರಿ ಅರ್ಜಿಗಳಿಂದ ಬರುತ್ತಿತ್ತು. ಪಿಂಚಣಿಗೆ, ವಿದ್ಯಾರ್ಥಿವೇತನಕ್ಕೆ, ಬ್ಯಾಂಕಿನ ಖಾತೆಗೆ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ ಬೇಕಿತ್ತು. ಈಗ ಆಧಾರ್ ನೋಂದಣಿಯಲ್ಲೂ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೂ ಮುಖವನ್ನು ಅಲ್ಲಿಯೇ ಸೆರೆಹಿಡಿಯುತ್ತಾರೆ. ಇದು ಜನರಿಗೆ ಉಪಕಾರವೇ ಸರಿ. ಆದರೆ ಆ ವರಮಾನ ಕರಗಿದಂತೆ ಸ್ಟುಡಿಯೊದ ಬೇರೆ ವಿದ್ಯೆಗಳೂ ಅಪಾಯಕ್ಕೆ ಸಿಲುಕುತ್ತವೆ: ಗೆದ್ದಲು ತಿಂದ ಹಳೆಯ ಪಟವನ್ನು ನಕಲು ತೆಗೆದು ಸರಿಪಡಿಸುವುದು, ಮಂಕಾದ ಮುಖವನ್ನು ಮೇಲೆತ್ತುವುದು, ಅಳತೆ ನೋಡಿ ಕಟ್ಟು ಹಾಕುವುದು. ಇವುಗಳಲ್ಲಿ ಯಾವುದೂ ಮನೆಯ ಪ್ರಿಂಟರಿನಿಂದ ಆಗದು.

ಇಷ್ಟೆಲ್ಲ ಲೆಕ್ಕ ಏಕೆಂದು ಕೇಳಬಹುದು. ಈ ಸೀಮೆಯ ಅನೇಕ ಮನೆಗಳಲ್ಲಿ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಅವರ ಪಟಕ್ಕೆ ಹೂ ಮುಡಿಸಿ ಮುಂದಿಟ್ಟುಕೊಳ್ಳುತ್ತಾರೆ. ಎಡೆಯ ಮುಂದೆ ಫೋನನ್ನು ನಿಲ್ಲಿಸಲು ಸಾಧ್ಯವೇ? ಸಾವು ಸಂಭವಿಸಿದ ರಾತ್ರಿ ಭಾವಚಿತ್ರಕ್ಕಾಗಿ ಹುಡುಕಾಡಿ, ಕೊನೆಗೆ ಮತದಾರರ ಗುರುತಿನ ಚೀಟಿಯ ಬೆರಳುಗುರಿನಷ್ಟು ಮುಖವನ್ನೇ ದೊಡ್ಡದು ಮಾಡಿಸುವ ಕುಟುಂಬಗಳು ಕಡಿಮೆಯಿಲ್ಲ. ಟಿ.ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ 1993ರಲ್ಲಿ ಭಾವಚಿತ್ರವುಳ್ಳ ಗುರುತಿನ ಚೀಟಿಗೆ ಆದೇಶವಾಯಿತು. ಚುನಾವಣೆಯ ಅಕ್ರಮ ತಡೆಯಲು ತಂದ ಆ ಚೀಟಿ ಎಷ್ಟೋ ಬಡವರ ಪಾಲಿಗೆ ಬದುಕಿನ ಏಕೈಕ ಭಾವಚಿತ್ರವಾಯಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ, ಬಂಡೀಪುರದ ಅಂಚಿನ ಜೇನುಕುರುಬರ ಹಾಡಿಗಳಲ್ಲಿ ಇದು ಇನ್ನೂ ಸತ್ಯ. ಪ್ರವಾಸಿಗರು ತೆಗೆದ ಅವರ ಚಿತ್ರಗಳು ಲೋಕವೆಲ್ಲ ಸುತ್ತುತ್ತವೆ. ಅವರ ಗೋಡೆಗೆ ಒಂದೂ ಬರುವುದಿಲ್ಲ.

ಮೇಲಿನ ಲೆಕ್ಕದಲ್ಲೇ ಇದಕ್ಕೊಂದು ಪರಿಹಾರದ ಎಳೆಯಿದೆ. ಒಂದು ಮನೆಗೆ ದುಬಾರಿಯಾದ ಪ್ರಿಂಟರ್ ಇಪ್ಪತ್ತು ಮನೆಗಳಿಗೆ ದುಬಾರಿಯಲ್ಲ. ಇಪ್ಪತ್ತು ಸದಸ್ಯೆಯರ ಸ್ತ್ರೀಶಕ್ತಿ ಸಂಘದಲ್ಲಿ ಪ್ರತಿ ಮನೆ ವರ್ಷಕ್ಕೆ 18 ಚಿತ್ರ ಮುದ್ರಿಸಿದರೆ 360 ಆಗುತ್ತದೆ. 343ರ ಗಡಿ ದಾಟುತ್ತದೆ. ವಾರವಾರ ಬಳಕೆಯಾದರೆ ಶಾಯಿಯೂ ಒಣಗುವುದಿಲ್ಲ. ಯಂತ್ರವನ್ನು ಸಂಘವೇ ಇಟ್ಟುಕೊಳ್ಳಬಹುದು, ಇಲ್ಲವೇ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮತ್ತು ಅರಿವು ಕೇಂದ್ರದಲ್ಲಿ ಇರಿಸಬಹುದು. ಊರಿನ ಅರವತ್ತು ದಾಟಿದ ಪ್ರತಿಯೊಬ್ಬರ ಒಂದೊಂದು ಒಳ್ಳೆಯ ಭಾವಚಿತ್ರವನ್ನು ಅವರ ಒಪ್ಪಿಗೆ ಪಡೆದು ತೆಗೆದು ಮನೆಗೆ ಮುಟ್ಟಿಸುವ ಕೆಲಸವನ್ನು ಪಂಚಾಯಿತಿಗಳು ಪೇಟೆಯ ಸ್ಟುಡಿಯೊಗೇ ಗುತ್ತಿಗೆ ಕೊಟ್ಟರೆ ಎರಡು ಕಡೆಗೂ ಉಪಕಾರ. ಇದಕ್ಕೆ ಬೇಕಾದ ಹಣ ದೊಡ್ಡದಲ್ಲ.

ಹಾಗಾದರೆ ಸಾಮಾನ್ಯ ಕುಟುಂಬ ಮಾಡಬೇಕಾದದ್ದೇನು? ತುರ್ತಾಗಿ ಒಂದೆರಡು ಬೇಕಾದಾಗ, ಹಳೆಯ ಪಟ ಸರಿಪಡಿಸಬೇಕಾದಾಗ ಸ್ಟುಡಿಯೊಗೆ ಹೋಗಬೇಕು. ವರ್ಷದ ಚಿತ್ರಗಳನ್ನು ಆರಿಸಿ ಒಟ್ಟಿಗೆ ಮುದ್ರಿಸುವುದಾದರೆ ಅಂತರ್ಜಾಲದ ಲ್ಯಾಬು ಲೇಸು. ಮನೆಗೆ ಪ್ರಿಂಟರ್ ಬೇಕಾದದ್ದು ಮುದ್ರಣವೇ ಹವ್ಯಾಸವೋ ವೃತ್ತಿಯೋ ಆದವರಿಗೆ, ಅಥವಾ ಹಲವರು ಕೂಡಿ ಬಳಸುವಲ್ಲಿ. ಯಾವ ದಾರಿಯನ್ನೇ ಹಿಡಿಯಲಿ, ಆರಿಸುವ ಕೆಲಸವನ್ನು ಮಾತ್ರ ಯಾವ ಯಂತ್ರವೂ ನಮಗಾಗಿ ಮಾಡಿಕೊಡದು. ವರ್ಷಕ್ಕೆ ಹನ್ನೆರಡೇ ಚಿತ್ರ ಸಾಕು. ಅವುಗಳಲ್ಲಿ ಮನೆಯ ಹಿರಿಯರದೊಂದು ಇರಲಿ. ಪ್ರತಿ ಚಿತ್ರದ ಬೆನ್ನಿಗೆ ಇದ್ದವರ ಹೆಸರು, ಊರು, ಇಸವಿ ಇರಲಿ. ಹೆಸರಿಲ್ಲದ ಚಿತ್ರ ಎರಡು ತಲೆಮಾರು ಕಳೆಯುವಷ್ಟರಲ್ಲಿ ಅಪರಿಚಿತರ ಚಿತ್ರವಾಗಿಬಿಡುತ್ತದೆ. ಹಿರಿಯರು ಇರುವಾಗಲೇ ಅವರನ್ನು ಕೇಳಿ ಬರೆದುಕೊಳ್ಳುವುದಕ್ಕೆ ಯಾವ ಖರ್ಚೂ ಇಲ್ಲ.