ಟೆಕ್ ನಗರದ ತಂಡವೇ ರೋಬೋಟ್ ಸ್ಪರ್ಧೆ ಗೆಲ್ಲಬೇಕೆಂದಿದೆಯೇ?

ವಿದ್ಯಾರ್ಥಿಗಳ ರೋಬೋಟ್ ಸ್ಪರ್ಧೆಯ ಫಲಿತಾಂಶ ಬಂದಾಗಲೆಲ್ಲ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಬಗೆಯ ಮಾತು ಓಡಾಡುತ್ತದೆ. ‘ಬೆಂಗಳೂರಿನವರಿಗೇ ಪ್ರಶಸ್ತಿ ಬರಲಿಲ್ಲವಂತೆ, ಇನ್ನೆಂಥ ಐಟಿ ಸಿಟಿ?’ ‘ಆ ರಾಜ್ಯದ ಮಕ್ಕಳು ಹುಟ್ಟಾ ಬುದ್ಧಿವಂತರು ಬಿಡಿ.’ ಗೆದ್ದಾಗಲೂ ಅಷ್ಟೆ, ‘ನಮ್ಮ ನೀರಿನಲ್ಲೇ ತಂತ್ರಜ್ಞಾನ ಇದೆ’ ಅನ್ನುತ್ತೇವೆ. ಎರಡೂ ಮಾತಿನ ಹಿಂದಿರುವ ನಂಬಿಕೆ ಒಂದೇ: ತಂಡದ ಅಂಕ ಅಂದರೆ ಊರಿನ ಅಂಕ. ಅದು ಎಷ್ಟು ನಿಜ?

ದೀಪಾಂಜಲಿ ನಗರವನ್ನೇ ತೆಗೆದುಕೊಳ್ಳೋಣ. ಇಲ್ಲಿಗೆ 2015ರ ನವೆಂಬರ್‌ನಲ್ಲೇ ಮೆಟ್ರೋ ಬಂತು. ಕೈಗಾರಿಕೆಗಳಿಗೆ ನಿಯಂತ್ರಣ ವ್ಯವಸ್ಥೆಗಳನ್ನು ತಯಾರಿಸುವ ಬಿಎಚ್‌ಇಎಲ್‌ನ ಎಲೆಕ್ಟ್ರಾನಿಕ್ಸ್ ವಿಭಾಗ ಹತ್ತಿರದಲ್ಲೇ, ಮೈಸೂರು ರಸ್ತೆಯಲ್ಲಿದೆ. ಅದೇ ರಸ್ತೆಯಲ್ಲಿ ಕೆಂಗೇರಿ ಕಡೆಗೆ ಸಾಗಿದರೆ ಆರ್‌.ವಿ. ಎಂಜಿನಿಯರಿಂಗ್ ಕಾಲೇಜು. ಕಾಗದದ ಮೇಲೆ ನೋಡಿದರೆ ರೋಬೋಟ್ ಕಟ್ಟಲು ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಆದರೆ ಇಲ್ಲಿನ ಶಾಲೆಯೊಂದರ ಏಳನೇ ತರಗತಿಯ ಹುಡುಗಿಗೆ ಇವುಗಳಲ್ಲಿ ಯಾವುದು ಕೈಗೆಟುಕುತ್ತದೆ? ಬಿಎಚ್‌ಇಎಲ್ ಕಾಂಪೌಂಡಿನ ಒಳಗಿನ ಜ್ಞಾನ ಗೋಡೆ ಹಾರಿ ಪಕ್ಕದ ಶಾಲೆಗೆ ತಾನಾಗಿ ಬರುವುದಿಲ್ಲ.

ಮೊದಲು ಕಾಲೇಜು ಮಟ್ಟದ ದಾಖಲೆ ನೋಡೋಣ. ಏಷ್ಯಾ-ಪೆಸಿಫಿಕ್ ದೇಶಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೆಣಸುವ ಎಬಿಯು ರೋಬೋಕಾನ್ 2002ರಲ್ಲಿ ಟೋಕಿಯೋದಲ್ಲಿ ಶುರುವಾಯಿತು. ಇದನ್ನು ನಡೆಸುವುದು ಪ್ರಸಾರ ಸಂಸ್ಥೆಗಳ ಒಕ್ಕೂಟ. ನಮ್ಮಲ್ಲಿ ದೂರದರ್ಶನದ ಜವಾಬ್ದಾರಿ. ಜಪಾನಿನಂಥ ರೋಬೋಟ್ ದೈತ್ಯ ಇರುವಾಗ ಪ್ರಶಸ್ತಿಯೆಲ್ಲ ಅದಕ್ಕೇ ಹೋಗಿರಬೇಕು ಅನ್ನಿಸುತ್ತದೆ ಅಲ್ಲವೇ? ಮೊದಲ ವರ್ಷವೇ ಗೆದ್ದದ್ದು ವಿಯೆಟ್ನಾಂ. ಆಮೇಲೆ 2004, 2006, 2014, 2015, 2017, 2018ರಲ್ಲೂ ಅದೇ ದೇಶ. ನಡುವೆ 2007ರಿಂದ 2010ರವರೆಗೆ ಸತತ ನಾಲ್ಕು ಬಾರಿ ಚೀನಾ.

ಹಾಗಾದರೆ ವಿಯೆಟ್ನಾಮಿನ ನೀರಿನಲ್ಲಿ ಏನೋ ಇದೆಯೇ? ಪಟ್ಟಿಯನ್ನು ಇನ್ನಷ್ಟು ಹತ್ತಿರದಿಂದ ನೋಡಿದರೆ 2014, 2017, 2018ರ ಮೂರೂ ಗೆಲುವು ಲಾಕ್ ಹಾಂಗ್ ಎಂಬ ಒಂದೇ ವಿಶ್ವವಿದ್ಯಾಲಯದ್ದು. ಅದು ಇರುವುದು ರಾಜಧಾನಿ ಹನೋಯಿಯಲ್ಲೂ ಅಲ್ಲ, ಹೋ ಚಿ ಮಿನ್ ನಗರದಲ್ಲೂ ಅಲ್ಲ. ಪಕ್ಕದ ಬಿಯೆನ್ ಹೋವಾ ಎಂಬ ಕೈಗಾರಿಕಾ ಊರಿನಲ್ಲಿ. ಅತಿಥೇಯ ದೇಶವೊಂದನ್ನು ಬಿಟ್ಟರೆ ಪ್ರತಿ ದೇಶದಿಂದ ಒಂದೇ ತಂಡ ಹೋಗುತ್ತದೆ. ‘ದೇಶದ ಸಾಧನೆ’ ಎಂದು ನಾವು ಓದುವುದು ಒಂದು ಕಾಲೇಜಿನ ಒಂದು ವರ್ಕ್‌ಶಾಪಿನ ಸಾಧನೆ. ಭಾರತದ ಸುತ್ತಿನಲ್ಲೂ ಅಹಮದಾಬಾದಿನ ನಿರ್ಮಾ ವಿಶ್ವವಿದ್ಯಾಲಯದಂಥ ಕೆಲವೇ ಹೆಸರುಗಳು ಮತ್ತೆ ಮತ್ತೆ ಮೇಲೆ ಬಂದಿವೆ. ಅಹಮದಾಬಾದನ್ನು ಯಾರೂ ದೇಶದ ಐಟಿ ರಾಜಧಾನಿ ಅಂದದ್ದು ನಮಗೆ ಗೊತ್ತಿಲ್ಲ.

ಊರಿನ ಗುಣ ರೋಬೋಟಿಗೆ ಇಳಿಯುವುದಿಲ್ಲ ಅನ್ನುವುದಕ್ಕೆ ಇನ್ನೊಂದು ಸ್ವಾರಸ್ಯದ ಉದಾಹರಣೆ ಇದೆ. 2022ರ ರೋಬೋಕಾನ್ ನವದೆಹಲಿಯಲ್ಲಿ ನಡೆಯಿತು, ವಿಷಯ ಲಗೋರಿ! ಹೌದು, ನಾವು ಬೀದಿಯಲ್ಲಿ ಚಪ್ಪಟೆ ಕಲ್ಲು, ಹೆಂಚಿನ ಚೂರು ಪೇರಿಸಿ ಆಡಿದ ಅದೇ ಲಗೋರಿ. ಒಂದು ರೋಬೋಟ್ ಚೆಂಡೆಸೆದು ಬಿಲ್ಲೆಗಳನ್ನು ಉರುಳಿಸಬೇಕು, ಜೊತೆಯ ರೋಬೋಟ್ ಅವನ್ನು ಮತ್ತೆ ಪೇರಿಸಬೇಕು, ಎದುರಾಳಿ ತಂಡದ ರೋಬೋಟ್ ಅದನ್ನು ತಪ್ಪಿಸಲು ಚೆಂಡು ಹೊಡೆಯಬೇಕು. ವಿಜಯನಗರದ ಗಲ್ಲಿಯಲ್ಲಿ ಬೆಳೆದ ಹುಡುಗನಿಗೆ ನಿಯಮ ಅರ್ಧ ನಿಮಿಷದಲ್ಲಿ ಅರ್ಥವಾದೀತು. ಆದರೆ ಅವನ ಭುಜಕ್ಕೆ ಗೊತ್ತಿರುವ ಗುರಿಯನ್ನು ಮೋಟಾರಿಗೆ ಕಲಿಸಬೇಕಾದರೆ ಎಸೆತದ ವೇಗ, ಕೋನ, ಚೆಂಡಿನ ತೂಕ ಎಲ್ಲವನ್ನೂ ನೂರಾರು ಸಲ ಅಳೆದು ಬರೆದಿಡಬೇಕು. ಅಲ್ಲಿ ಬಾಲ್ಯದ ಅನುಭವ ಹೆಚ್ಚು ಸಹಾಯಕ್ಕೆ ಬರುವುದಿಲ್ಲ.

ಈಗ ಶಾಲಾ ಮಕ್ಕಳ ವಿಷಯಕ್ಕೆ ಬರೋಣ, ಏಕೆಂದರೆ ಪೋಷಕರು ದುಡ್ಡು ಸುರಿಯುವುದು ಇಲ್ಲಿ. ಸುಮಾರು 9ರಿಂದ 16 ವರ್ಷದ ಮಕ್ಕಳಿಗಾಗಿ ಇರುವ ಫಸ್ಟ್ ಲೆಗೋ ಲೀಗ್ ಚಾಲೆಂಜ್ ಇವುಗಳಲ್ಲಿ ಪ್ರಸಿದ್ಧ. ಸುಮಾರು 8 ಅಡಿ ಉದ್ದ, 4 ಅಡಿ ಅಗಲದ ಮೇಜಿನ ಮೇಲೆ ರೋಬೋಟ್ ಎರಡೂವರೆ ನಿಮಿಷದಲ್ಲಿ ಹಲವು ಕೆಲಸ ಮಾಡಿ ಮುಗಿಸಬೇಕು. ರಿಮೋಟ್ ಇಲ್ಲ, ಮೊದಲೇ ಬರೆದಿಟ್ಟ ಪ್ರೋಗ್ರಾಂ ಪ್ರಕಾರ ತಾನೇ ಓಡಬೇಕು. ದಾರಿಯಲ್ಲಿ ಸಿಕ್ಕಿಹಾಕಿಕೊಂಡಿತೆಂದು ಕೈಯಿಂದ ಎತ್ತಿದರೆ ಅಂಕ ಹೋಗುತ್ತದೆ.

ಚಕ್ರ ಎಷ್ಟು ಸುತ್ತು ತಿರುಗಿತು ಅನ್ನುವ ಲೆಕ್ಕದಿಂದಲೇ ರೋಬೋಟ್ ತಾನು ಎಲ್ಲಿದ್ದೇನೆಂದು ಊಹಿಸುತ್ತದೆ. ಕಣ್ಣು ಮುಚ್ಚಿ ಹೆಜ್ಜೆ ಎಣಿಸಿಕೊಂಡು ಅಡುಗೆಮನೆಗೆ ಹೋದ ಹಾಗೆ. ಹೊರಡುವಾಗ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದ್ದರೂ 2 ಮೀಟರ್ ಹೋಗುವಷ್ಟರಲ್ಲಿ ಗುರಿಯಿಂದ ಸುಮಾರು 3.5 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಸಣ್ಣ ಸನ್ನೆಯೊಂದನ್ನು ಎತ್ತಬೇಕಾದ ಕೊಂಡಿ ಗಾಳಿಯಲ್ಲಿ ಆಡುತ್ತದೆ. ಚಕ್ರಕ್ಕೆ ಧೂಳು ಮೆತ್ತಿದರೆ ಜಾರುತ್ತದೆ (ಮೈಸೂರು ರಸ್ತೆಯ ಬದಿಯವರಿಗೆ ಧೂಳಿನ ಬಗ್ಗೆ ನಾವು ಹೇಳಬೇಕಾಗಿಲ್ಲ). ಶಾಲೆಯ ಕೋಣೆಯ ಟ್ಯೂಬ್‌ಲೈಟಿನಲ್ಲಿ ಕಪ್ಪು ಗೆರೆಯನ್ನು ಸರಿಯಾಗಿ ಗುರುತಿಸುತ್ತಿದ್ದ ಬಣ್ಣದ ಸೆನ್ಸರ್ ಸಭಾಂಗಣದ ಪ್ರಖರ ದೀಪದಡಿ ಬೇರೆ ಅಳತೆ ಕೊಡಬಹುದು. ಬ್ಯಾಟರಿ ಇಳಿದಿದ್ದರೆ ಮೋಟಾರಿನ ನಡೆಯೂ ಬದಲಾಗುತ್ತದೆ.

ಪಳಗಿದ ತಂಡಗಳು ಇದಕ್ಕೆ ಮದ್ದು ಕಂಡುಕೊಂಡಿರುತ್ತವೆ: ಆಗಾಗ ಮೇಜಿನ ಅಂಚಿನ ಗೋಡೆಗೆ ರೋಬೋಟಿನ ಬೆನ್ನು ತಾಗಿಸಿ ನೇರ ಮಾಡಿಕೊಳ್ಳುವುದು, ಓಟಕ್ಕೆ ಮುಂಚೆ ಚಕ್ರ ಒರೆಸುವುದು, ಸಭಾಂಗಣಕ್ಕೆ ಹೋದ ಕೂಡಲೇ ಸೆನ್ಸರಿಗೆ ಹೊಸದಾಗಿ ಕಪ್ಪು-ಬಿಳುಪು ತೋರಿಸುವುದು. ಇದರಲ್ಲಿ ಯಾವುದಕ್ಕೂ ಮಹಾ ಪ್ರತಿಭೆ ಬೇಕಿಲ್ಲ. ಯಾರೋ ಒಬ್ಬರು ಹೋದ ವರ್ಷ ಸೋತು, ಯಾಕೆಂದು ಪತ್ತೆ ಮಾಡಿ, ಕಿರಿಯರಿಗೆ ಹೇಳಿಕೊಟ್ಟಿರಬೇಕು.

ಇಂಥ ಸಣ್ಣ ವಿಷಯಗಳು ಫಲಿತಾಂಶವನ್ನು ಎಷ್ಟು ಬದಲಿಸುತ್ತವೆ? ಒಂದು ಲೆಕ್ಕ ಮಾಡೋಣ. ಒಂದು ತಂಡದ ರೋಬೋಟ್ ಪ್ರತಿ ಕೆಲಸವನ್ನೂ ನೂರಕ್ಕೆ 90 ಸಲ ಸರಿಯಾಗಿ ಮಾಡುತ್ತದೆ ಅಂದುಕೊಳ್ಳಿ. ಕೇಳಲು ಚೆನ್ನಾಗಿದೆ. ಆದರೆ 10 ಕೆಲಸಗಳನ್ನು ಸಾಲಾಗಿ ಒಂದೂ ತಪ್ಪದೆ ಮುಗಿಸುವ ಸಂಭವ ಶೇ. 35 ಮಾತ್ರ. ಇನ್ನೊಂದು ತಂಡದ್ದು 90ರ ಬದಲು 97 ಆಗಿದ್ದರೆ ಅದೇ ಸಂಭವ ಶೇ. 74ಕ್ಕೆ ಏರುತ್ತದೆ! ಎರಡೂ ತಂಡದ ಮಕ್ಕಳ ಬುದ್ಧಿಯಲ್ಲಿ ವ್ಯತ್ಯಾಸ ಇಲ್ಲದಿರಬಹುದು; ಒಂದು ತಂಡಕ್ಕೆ ಅಭ್ಯಾಸದ ಮೇಜು ವರ್ಷವಿಡೀ ಕೋಣೆಯಲ್ಲಿದೆ, ಇನ್ನೊಂದು ತಂಡ ಸಂಜೆ ಬೆಂಚುಗಳನ್ನು ಸರಿಸಿ ನೆಲದ ಮೇಲೆ ಹಾಸಿಕೊಳ್ಳುತ್ತದೆ.

ಅದೃಷ್ಟಕ್ಕೂ ಪಾಲಿದೆ. ಸಾಮಾನ್ಯವಾಗಿ ಮೂರು ಓಟಗಳಲ್ಲಿ ಅತಿ ಹೆಚ್ಚಿನ ಅಂಕವನ್ನಷ್ಟೇ ಗಣನೆಗೆ ತೆಗೆದುಕೊಳ್ಳುತ್ತಾರೆ. ಮೇಲಿನ 90ರ ತಂಡಕ್ಕೆ ಮೂರರಲ್ಲಿ ಒಂದಾದರೂ ತಪ್ಪಿಲ್ಲದ ಓಟ ಸಿಗುವ ಸಂಭವ ಶೇ. 72ರಷ್ಟು. ಅಂದರೆ ಸರಿಸುಮಾರು ನಾಲ್ಕು ಚಾಂಪಿಯನ್‌ಶಿಪ್‌ಗಳಲ್ಲಿ ಒಂದರಲ್ಲಿ ಅದೇ ಮಕ್ಕಳು, ಅದೇ ರೋಬೋಟ್, ಬರಿಗೈಯಲ್ಲಿ ವಾಪಸ್. ಅಂಥ ಒಂದು ದಿನವನ್ನು ನೋಡಿ ‘ನಮ್ಮ ಭಾಗದ ಮಕ್ಕಳ ಮಟ್ಟ ಇಷ್ಟೇ’ ಅಂದುಬಿಡುತ್ತೇವೆ.

ಪ್ರದೇಶಗಳನ್ನು ಹೋಲಿಸುವಾಗ ಎಲ್ಲರೂ ಬೀಳುವ ಹಳ್ಳ ಇನ್ನೊಂದಿದೆ. ಒಂದು ಪ್ರದೇಶದಿಂದ 40 ತಂಡ, ಇನ್ನೊಂದರಿಂದ 5 ತಂಡ ಬಂದಿವೆ, 45 ತಂಡಗಳೂ ಸಮಬಲದವು ಅಂದುಕೊಳ್ಳೋಣ. ಮೊದಲ ಸ್ಥಾನ ದೊಡ್ಡ ಪ್ರದೇಶಕ್ಕೆ ಹೋಗುವ ಸಂಭವ 45ರಲ್ಲಿ 40, ಅಂದರೆ ಹೆಚ್ಚುಕಡಿಮೆ ಶೇ. 89. ಚೀಟಿ ಎತ್ತಿದರೂ ಅಷ್ಟೇ ಬರುತ್ತದೆ! ಯಾವ ಪ್ರದೇಶ ಎಷ್ಟು ಕಪ್ ಗೆದ್ದಿತು ಎಂಬ ಪಟ್ಟಿ ಎಷ್ಟೋ ಸಲ ಯಾವ ಪ್ರದೇಶದಿಂದ ಎಷ್ಟು ತಂಡ ಬಂದವು ಎಂಬ ಪಟ್ಟಿಯೇ ಆಗಿರುತ್ತದೆ. ಎಷ್ಟು ತಂಡ ಬರುತ್ತವೆ ಅನ್ನುವುದು ಕಿಟ್ಟಿನ ಬೆಲೆ, ನೋಂದಣಿ ಶುಲ್ಕ, ರೈಲಿನ ಖರ್ಚು ಯಾರಿಗೆ ಹೊರಲು ಸಾಧ್ಯ ಎಂಬುದರ ಮೇಲೆ ನಿಂತಿದೆ.

ಮೇಜಿನ ಓಟವೇ ಎಲ್ಲ ಅಂತಲೂ ತಿಳಿಯಬೇಡಿ. ಈ ಲೀಗ್‌ನ ಇತ್ತೀಚಿನ ಸೀಸನ್‌ಗಳಲ್ಲಿ ರೋಬೋಟಿನ ಓಟಕ್ಕೆ ಒಟ್ಟು ತೂಕದ ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಭಾಗ ಸಂಶೋಧನಾ ಯೋಜನೆ, ರೋಬೋಟಿನ ವಿನ್ಯಾಸ ಮತ್ತು ತಂಡವಾಗಿ ನಡೆದುಕೊಂಡ ರೀತಿಗೆ. ಈ ಮೂರನ್ನೂ ನಿರ್ಣಾಯಕರ ಮುಂದೆ ಮಾತಾಡಿ ವಿವರಿಸಬೇಕು, ಅದೂ ನಮ್ಮಲ್ಲಿ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಗೇರ್ ಹೇಗೆ ಕೆಲಸ ಮಾಡುತ್ತದೆಂದು ಕನ್ನಡದಲ್ಲಿ ಚೆನ್ನಾಗಿ ಹೇಳಬಲ್ಲ ಮಗು ಅಲ್ಲಿ ತಡವರಿಸಿದರೆ, ಅಂಕಪಟ್ಟಿಯಲ್ಲಿ ಅದು ರೋಬೋಟಿಕ್ಸ್‌ನಲ್ಲಿ ಹಿಂದೆ ಬಿದ್ದಂತೆಯೇ ಕಾಣುತ್ತದೆ. ಇದರ ಬಗ್ಗೆ ಆಯೋಜಕರು ಯೋಚಿಸಬೇಕು ಅನ್ನುವುದು ನಮ್ಮ ಅಭಿಪ್ರಾಯ.

ಹಾಗಂತ ಫಲಿತಾಂಶಕ್ಕೆ ಅರ್ಥವೇ ಇಲ್ಲ ಎಂದಲ್ಲ. ಒಂದೇ ಶಾಲೆ ಐದಾರು ವರ್ಷ ಸತತವಾಗಿ ಮೇಲಿನ ಸಾಲಿನಲ್ಲಿದ್ದರೆ ಅದು ಅದೃಷ್ಟವಲ್ಲ. ಮೂರು ಓಟಗಳ ಅಂಕಗಳೂ ಹತ್ತಿರ ಹತ್ತಿರ ಇದ್ದರೆ ಆ ರೋಬೋಟ್ ನಂಬಿಕಸ್ಥ. ಒಂದರಲ್ಲಿ 400, ಉಳಿದೆರಡರಲ್ಲಿ 120 ಬಂದಿದ್ದರೆ 400 ಅನ್ನುವುದು ಆ ದಿನದ ಪುಣ್ಯ. ಒಂದು ಪ್ರದೇಶದ ಒಟ್ಟಾರೆ ಮಟ್ಟ ತಿಳಿಯಬೇಕಿದ್ದರೆ ಗೆದ್ದ ತಂಡವನ್ನು ಬಿಟ್ಟು ಮಧ್ಯದಲ್ಲಿರುವ ತಂಡದ ಅಂಕ ನೋಡಿ.

ಶಾಲೆಗಳಲ್ಲಿ ಪ್ರಯೋಗಶಾಲೆ ಇಲ್ಲವೇ ಇಲ್ಲ ಅನ್ನುವ ಸ್ಥಿತಿ ಬದಲಾಗುತ್ತಿದೆ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. 2025ರ ಕೇಂದ್ರ ಬಜೆಟ್ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಲ್ಯಾಬ್‌ಗಳೆಂದು ಘೋಷಿಸಿತು. ಲ್ಯಾಬ್ ಬಂದ ಮೇಲೆ ಅದರ ಬೀಗದ ಕೈ ಸಂಜೆ ನಾಲ್ಕರ ನಂತರ ಯಾರ ಬಳಿ ಇರುತ್ತದೆ ಅನ್ನುವುದು ಬಜೆಟ್ಟಿನಲ್ಲಿ ಇರುವುದಿಲ್ಲ.

ಆದ್ದರಿಂದ ಮಗುವನ್ನು ರೋಬೋಟಿಕ್ಸ್ ತರಗತಿಗೆ ಸೇರಿಸುವ ಮುಂಚೆ ಗೋಡೆಯ ಮೇಲಿನ ಟ್ರೋಫಿ ಎಣಿಸಬೇಡಿ. ಅಭ್ಯಾಸದ ಮೇಜು ಎಷ್ಟು ಹೊತ್ತು ಮಕ್ಕಳಿಗೆ ಸಿಗುತ್ತದೆ, ಪ್ರೋಗ್ರಾಂ ಬರೆಯುವುದು ಮಕ್ಕಳೋ ಮೇಷ್ಟ್ರೋ, ಹೋದ ವರ್ಷ ಆಡಿದ ಹಿರಿಯ ಮಕ್ಕಳು ಈ ವರ್ಷ ಬಂದು ಹೇಳಿಕೊಡುತ್ತಾರೋ ಎಂದು ಕೇಳಿ. ಹೋದ ವರ್ಷದ ಓಟಗಳನ್ನು ಬರೆದಿಟ್ಟ ನೋಟ್‌ಬುಕ್ ತೋರಿಸಿ ಅನ್ನಿ. ಅದರ ತುಂಬ ‘ಎಡಕ್ಕೆ ಜಾರಿತು’, ‘ಬ್ಯಾಟರಿ ಕಡಿಮೆ’, ‘ಮತ್ತೆ ತಪ್ಪಿತು’ ಎಂದು ಮಕ್ಕಳ ಅಕ್ಷರದಲ್ಲಿ ಗೀಚಿದ್ದರೆ ಧೈರ್ಯವಾಗಿ ಸೇರಿಸಬಹುದು.