ಸುಮ್ಮನೆ ಕಳೆದ ಒಂದು ಐತ್ವಾರ

ಶನಿವಾರ ಬೆಳಗಿನ ಶಾಲೆ. ಕೊನೆಯ ಪಿರಿಯಡ್ಡಿನ ಗಂಟೆಗೆ ಇನ್ನೂ ಐದು ನಿಮಿಷ ಇರುವಾಗಲೇ ಚಿಕ್ಕ ತರಗತಿಗಳ ಮಕ್ಕಳ ಪುಸ್ತಕಗಳು ಚೀಲ ಸೇರಿರುತ್ತವೆ. ಗಂಟೆ ಬಾರಿಸಿದ ಮೇಲೆ ಏಳುವ ಗದ್ದಲದ ತೀವ್ರತೆಯನ್ನು ಅಳೆಯುವ ಉಪಕರಣ ನಮ್ಮ ಪ್ರಯೋಗಾಲಯದಲ್ಲಿ ಇಲ್ಲ. ಆದರೆ ಹತ್ತನೆಯ ತರಗತಿಯವರು ಮಾತ್ರ ಗದ್ದಲ ಮಾಡುವುದಿಲ್ಲ. ಅವರಿಗೆ ಶನಿವಾರದ ಮರುದಿನ ರಜೆಯಲ್ಲ, ವಿಶೇಷ ತರಗತಿ.

ಕಳೆದ ಡಿಸೆಂಬರಿನ ಒಂದು ಶನಿವಾರ ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: ‘ಸರ, ನಾಳಿ ಎಷ್ಟಕ್ಕ ಬರಬೇಕ್ರಿ?’

‘ನಾಳಿ ಬರಬ್ಯಾಡ್ರಿ’ ಎಂದೆ.

ತರಗತಿ ಒಂದು ಕ್ಷಣ ಸುಮ್ಮನಾಯಿತು. ನಂತರ ಹಿಂದಿನ ಬೆಂಚಿನಿಂದ ಸಣ್ಣ ದನಿಯೊಂದು ಬಂತು: ‘ಸರಗೆ ಆರಾಮ ಇಲ್ಲೇನೋ.’

ನಾನು ಆರಾಮವಾಗಿಯೇ ಇದ್ದೆ. ಆದರೆ ಹದಿನೈದು ದಿನಗಳ ಹಿಂದೆ ಬಂದ ಒಂದು ಫೋನು ನನ್ನನ್ನು ಕಾಡುತ್ತಿತ್ತು.

ನನ್ನ ಮಗಳು ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಅವಳಿಗೆ ವಾರಕ್ಕೆ ಎರಡು ದಿನ ರಜೆ. ಆ ದಿನ ಅವಳು ಹೇಳಿದ್ದಿಷ್ಟು: ‘ಅಪ್ಪಾ, ರಜಾ ಬಂದ್ರ ಏನ್ ಮಾಡಬೇಕು ತಿಳ್ಯಾದಿಲ್ಲ. ಸುಮ್ಮ ಕುಂತ್ರ ಏನೋ ತಪ್ಪು ಮಾಡ್ಲತ್ತೀನಿ ಅನಸ್ತದ.’ ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಅವಳು ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ ಒಂದು ಐತ್ವಾರವನ್ನೂ ನಾನು ಅವಳಿಗೆ ಬಿಟ್ಟಿರಲಿಲ್ಲ. ಪಿಯುಸಿಯ ಎರಡು ವರ್ಷವೂ ಅಷ್ಟೇ. ಅಂಕ ಚೆನ್ನಾಗಿಯೇ ಬಂದವು. ಕಳೆದುಕೊಂಡದ್ದು ಏನೆಂದು ಅಂಕಪಟ್ಟಿಯಲ್ಲಿ ಬರೆದಿರುವುದಿಲ್ಲವಲ್ಲ.

ಪಾಲಕರೂ ಶಿಕ್ಷಕರೂ ಹೀಗೇಕೆ ಮಾಡುತ್ತೇವೆಂಬುದು ಗುಟ್ಟೇನಲ್ಲ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇಕಡಾ 42.43. ರಾಜ್ಯದಲ್ಲಿ ಕೊನೆಯ ಸ್ಥಾನ. ಇಂಥ ಪಟ್ಟಿ ಪತ್ರಿಕೆಯಲ್ಲಿ ಬಂದ ಮರುದಿನ ಶಿಕ್ಷಕನಾದವನು ತಲೆ ಎತ್ತಿ ಚಹಾದಂಗಡಿಯ ಮುಂದೆ ನಡೆಯುವುದು ಕಷ್ಟ. ಆಗ ನಮಗೆ ಹೊಳೆಯುವ ಮೊದಲ ಮದ್ದೆಂದರೆ ಮಕ್ಕಳ ರಜೆಗೆ ಕೈ ಹಾಕುವುದು. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದವನು. ಈ ಒಂದು ವಾರ ಬಿಟ್ಟು ನೋಡೋಣವೆನಿಸಿತು. ಮಕ್ಕಳಿಗಷ್ಟೇ ಅಲ್ಲ, ನನಗೂ.

ಸಂಜೆ ಐನಾಪುರದ ಮನೆಗೆ ಬಂದಾಗ ಮಾಡಲು ಏನೂ ಇರಲಿಲ್ಲ. ತಿದ್ದುವ ಪುಸ್ತಕಗಳನ್ನು ಬೇಕೆಂದೇ ಶಾಲೆಯಲ್ಲಿ ಬಿಟ್ಟು ಬಂದಿದ್ದೆ. ಊಟ ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಬೇರೆ ದಿನವಾಗಿದ್ದರೆ ಬೇಸರವಾಗುತ್ತಿತ್ತು. ಆ ದಿನ ಚಾಪೆ, ಕಂಬಳಿ ಹಿಡಿದು ಮಾಳಿಗೆ ಹತ್ತಿದೆ. ನನ್ನ ಹಿಂದೆ ತಮ್ಮನ ಮಗ ಬಂದ. ಎಂಟನೆಯ ತರಗತಿಯ ಹುಡುಗ. ಅವನ ಹಿಂದೆ ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತ ನಮ್ಮವ್ವ ಬಂದಳು.

ಡಿಸೆಂಬರಿನ ರಾತ್ರಿ ಒಂಬತ್ತರ ಆಕಾಶ ಎಂದರೆ ಖಗೋಳದ ಇಡೀ ಪಾಠ ಹರಡಿಟ್ಟಂತೆ. ನೆತ್ತಿಯ ಬಳಿ ಕೃತ್ತಿಕೆಯ ಗೊಂಚಲು, ಅದರ ಕೆಳಗೆ ಕೆಂಪಗಿನ ರೋಹಿಣಿ. ಪೂರ್ವಕ್ಕೆ ಸಾಲಾಗಿ ಮೂರು ನಕ್ಷತ್ರಗಳ ಮಹಾವ್ಯಾಧ. ಅದರಲ್ಲೇ ಮೃಗಶಿರಾ, ಅದರಲ್ಲೇ ಕೆಂಪು ಆರಿದ್ರಾ. ಇನ್ನೂ ಕೆಳಗೆ ಆಗಷ್ಟೇ ಎದ್ದು ಬಂದ ಲುಬ್ಧಕ. ಹುಡುಗನಿಗೆ ಹೇಳಿದೆ: ‘ಆ ಲುಬ್ಧಕ ನಮ್ಮಿಂದ 8.6 ಜ್ಯೋತಿರ್ವರ್ಷ ದೂರ ಅದ. ಈಗ ನಿನ್ನ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊಂಟಾಗ ನೀ ಅಂಗನವಾಡಿಗೆ ಹೋಗ್ತಿದ್ದಿ.’ ಅವನು ಬಹಳ ಹೊತ್ತು ಅದನ್ನೇ ನೋಡಿದ.

ನಮ್ಮವ್ವ ಕೇಳಿದಳು: ‘ರೋಹಿಣಿ, ಮಿರಗ, ಆರಿದ್ರಾ ಅಂದ್ರ ಮಳಿ ಅಲ್ಲೇನೋ? ಚುಕ್ಕಿ ಅಂತೀಯಲ್ಲ?’

ನಾನು ವಿವರಿಸಲು ಹೊರಟೆ. ಸೂರ್ಯ ಆಕಾಶದಲ್ಲಿ ಯಾವ ನಕ್ಷತ್ರದ ನೇರಕ್ಕೆ ಇರುತ್ತಾನೋ ಆಗಿನ ಮಳೆಗೆ ಆ ಹೆಸರು. ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ ಅವನು ರೋಹಿಣಿ, ಮೃಗಶಿರಾ, ಆರಿದ್ರಾಗಳನ್ನು ದಾಟುತ್ತಾನೆ. ಅವು ಆಗ ಹಗಲಿನಲ್ಲಿ ಸೂರ್ಯನ ಜತೆಗೇ ಇರುವುದರಿಂದ ನಮಗೆ ಕಾಣುವುದಿಲ್ಲ. ಆರು ತಿಂಗಳು ಕಳೆದು ಭೂಮಿ ಸೂರ್ಯನ ಆಚೆ ಬದಿಗೆ ಬಂದಾಗ ಅವೇ ನಕ್ಷತ್ರಗಳು ರಾತ್ರಿಯ ಆಕಾಶಕ್ಕೆ ಬರುತ್ತವೆ.

ಅವ್ವ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಹೇಳಿದಳು: ‘ಹಂಗಾದ್ರ ತೊಗರಿ ಬಿತ್ತಿದ ಮಳಿ, ತೊಗರಿ ಕಾಯಿ ಕಟ್ಟುದ ಮ್ಯಾಗ ನೋಡ್ಲಾಕ ಬಂದದ ಅನ್ನು.’

ಈ ಮಾತು ನನ್ನ ಬಿಎಸ್‌ಸಿಯಲ್ಲೂ ಇರಲಿಲ್ಲ, ಬಿಎಡ್‌ನಲ್ಲೂ ಇರಲಿಲ್ಲ. ಭೂಮಿಯ ವಾರ್ಷಿಕ ಚಲನೆಯನ್ನು ಎಷ್ಟೋ ವರ್ಷಗಳಿಂದ ಗ್ಲೋಬು, ಮೇಣದಬತ್ತಿ ಇಟ್ಟುಕೊಂಡು ಕಲಿಸುತ್ತಿದ್ದೇನೆ. ನಮ್ಮ ಹೊಲದ ತೊಗರಿಯನ್ನು ಅದಕ್ಕೆ ಜೋಡಿಸಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಹೊಳೆಯಲು ಕರೆಂಟು ಹೋಗಬೇಕಾಯಿತು, ನನಗೆ ಕೆಲಸವಿಲ್ಲದಿರಬೇಕಾಯಿತು.

ಐತ್ವಾರ ಬೆಳಿಗ್ಗೆ ಸುಸಲಾ, ಮಿರ್ಚಿ ಭಜಿ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಂತೆ. ಮನೆಯವರು ಹಿಟ್ಟಿಗೆ ಎಸರು ಹೊಯ್ಯುತ್ತಿದ್ದರು. ‘ನಿಮಗ ರಜಾ, ನನಗೆಲ್ಲಿ ರಜಾ? ಬಂದು ಒಂದು ರೊಟ್ಟಿ ಬಡೀರಿ ನೋಡೋಣು’ ಎಂದರು. ಮಾತು ನ್ಯಾಯವಾಗಿತ್ತು. ಕೂತೆ.

ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನು ಜೋಳದಲ್ಲಿಲ್ಲ. ಅದಕ್ಕೇ ಕುದಿಯುವ ನೀರು ಬೇಕು. ಬಿಸಿಗೆ ಪಿಷ್ಟ ನೀರು ಹೀರಿ ಅಂಟಾಗುತ್ತದೆ, ಹಿಟ್ಟು ಒಂದನ್ನೊಂದು ಹಿಡಿದುಕೊಳ್ಳುತ್ತದೆ. ರೊಟ್ಟಿ ಉಬ್ಬುವುದು ಒಳಗಿನ ನೀರು ಆವಿಯಾಗುವುದರಿಂದ. ನೀರು ಆವಿಯಾದಾಗ ಅದರ ಗಾತ್ರ 1,600 ಪಟ್ಟಿಗೂ ಹೆಚ್ಚಾಗುತ್ತದೆ. ಇದೆಲ್ಲ ನನಗೆ ಗೊತ್ತು. ಆದರೂ ನನ್ನ ರೊಟ್ಟಿ ಅಂಚಿನಲ್ಲಿ ಸೀಳಿತು, ಹೆಂಚಿನ ಮೇಲೆ ಹಾಕುವಾಗ ಎರಡು ತುಂಡಾಯಿತು. ಮೂರನೆಯದು ಮಾತ್ರ ಅರ್ಧ ಉಬ್ಬಿತು. ಅದನ್ನು ನಾನೇ ಪುಂಡಿಪಲ್ಯದ ಜತೆ ತಿಂದೆ. ಅಷ್ಟು ರುಚಿಯಾದ ರೊಟ್ಟಿ ಈಚೆಗೆ ತಿಂದ ನೆನಪಿಲ್ಲ.

ಹುಡುಗ ಅಷ್ಟರಲ್ಲಿ ಲಿಂಬೆಹಣ್ಣು ಹಿಂಡಲು ಹೋಗಿ ರಸವನ್ನು ನೆಲದ ಮೇಲೆ ಚೆಲ್ಲಿದ್ದ. ಒರೆಸಲು ಬಗ್ಗಿದವನು ಕೂಗಿದ: ‘ದೊಡ್ಡಪ್ಪಾ, ಫರಸಿ ಮ್ಯಾಗ ಗುಳ್ಳಿ ಏಳ್ಲತ್ತಾವ!’ ಬಗ್ಗಿ ನೋಡಿದೆ. ನಿಜ. ಶಹಾಬಾದಿ ಫರಸಿ ಸುಣ್ಣಕಲ್ಲು. ಐವತ್ತು ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಪದರು ಪದರಾಗಿ ಕೂತದ್ದು. ಅದರಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಆಮ್ಲ ತಾಗಿದರೆ ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಹೊರಬರುತ್ತದೆ. ವಾಡಿ, ಸೇಡಂಗಳ ಸಿಮೆಂಟು ಕಾರ್ಖಾನೆಗಳು ನಿಂತಿರುವುದೂ ಇಂಥದೇ ಕಲ್ಲಿನ ಮೇಲೆ. ಇದೇ ಪ್ರಯೋಗವನ್ನು ತೋರಿಸಲು ನಾನು ಬೀರುವಿನ ಬೀಗ ತೆಗೆದು ಅಮೃತಶಿಲೆಯ ಚೂರು ಹುಡುಕುತ್ತಿದ್ದೆ. ಹುಡುಕುವಾಗ ನಿಂತಿರುತ್ತಿದ್ದದ್ದು ಫರಸಿಯ ಮೇಲೆ!

ಹುಡುಗನಿಗೆ ಉತ್ಸಾಹ ಬಂತು. ಹೊರಗಿನ ಕರಿಕಲ್ಲಿನ ಮೇಲೂ ಲಿಂಬೆರಸ ಹಾಕಿ ನೋಡಿದ. ಗುಳ್ಳೆ ಏಳಲಿಲ್ಲ. ಅದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿದು ಆದ ಕಲ್ಲು. ಒಂದು ಲಿಂಬೆಹಣ್ಣಿನಲ್ಲಿ ಸಮುದ್ರದ ಕಲ್ಲು ಯಾವುದು, ಬೆಂಕಿಯ ಕಲ್ಲು ಯಾವುದು ಎಂದು ತಿಳಿಯಿತು. ನೆಲದ ಮೇಲೆ ಉಳಿದ ಮಾಸಲು ಕಲೆಗೆ ಬೈಸಿಕೊಂಡದ್ದು ಮಾತ್ರ ನಾನು.

ಇಳಿಹೊತ್ತಿಗೆ ಹೊಲದ ಕಡೆ ಹೊರಟೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆದರೆ ಕಾಯಿಕೊರಕ ಹುಳಕ್ಕೆ ಆ ಮಾನ್ಯತೆಯ ಗೌರವವೇನೂ ಇಲ್ಲ. ಪಕ್ಕದ ಹೊಲದಲ್ಲಿ ತಾಯಿ, ಮಗಳು ಗಿಡಗಳನ್ನು ಹಿಡಿದು ಜಾಡಿಸುತ್ತಿದ್ದರು. ಕೆಳಗೆ ಹಾಸಿದ ತಾಡಪತ್ರಿಯ ಮೇಲೆ ಹಸಿರು ಹುಳಗಳು ಟಪಟಪನೆ ಬೀಳುತ್ತಿದ್ದವು. ಮಗಳು ನನ್ನನ್ನು ನೋಡಿದ ಕೂಡಲೇ ತಲೆ ತಗ್ಗಿಸಿದಳು. ನಾನೂ ಗುರುತಿಸಿದೆ. ಮೂರು ಐತ್ವಾರ ವಿಶೇಷ ತರಗತಿಗೆ ಬರಲಿಲ್ಲವೆಂದು ಹಿಂದಿನ ವಾರವಷ್ಟೇ ಅವಳನ್ನು ತರಗತಿಯ ಹೊರಗೆ ನಿಲ್ಲಿಸಿದ್ದೆ.

‘ಎಣ್ಣಿ ಹೊಡಿಯೋದಿಲ್ಲೇನವ್ವ?’ ಎಂದು ಕೇಳಿದೆ, ಏನಾದರೂ ಮಾತಾಡಬೇಕಲ್ಲ ಎಂದು.

‘ಹೊಡದ್ರ ಕೆಲವು ಸಾಯಾದಿಲ್ರಿ ಸರ. ಉಳದ ಹುಳಾನೇ ಮರಿ ಹಾಕ್ತಾವ. ಮುಂದಿನ ವರ್ಷ ಅದೇ ಎಣ್ಣಿಗಿ ಜಗ್ಗಾದಿಲ್ಲ. ಜಾಡಿಸಿದ್ರ ಭಾಳಷ್ಟು ಬೀಳ್ತಾವ, ಹಕ್ಕಿ ಬಂದು ತಿಂತಾವ’ ಎಂದಳು.

ನಾನು ನಿಂತಲ್ಲೇ ನಿಂತೆ. ಡಾರ್ವಿನ್ 1859ರಲ್ಲಿ ಪುಸ್ತಕ ಬರೆದು ಜಗತ್ತಿಗೆ ತಿಳಿಸಿದ ನಿಸರ್ಗದ ಆಯ್ಕೆಯನ್ನು ಈ ಹುಡುಗಿ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ್ದಳು. ನಾನು ಇವಳ ಹೆಸರಿನ ಮುಂದೆ ಗೈರುಹಾಜರಿ ಹಾಕಿದ್ದೆ.

‘ಇವತ್ತು ಕ್ಲಾಸ್ ಇಲ್ಲಂತ ಖುಷಿ ಆಯ್ತೇನು?’ ಎಂದೆ.

‘ಮುಂಜಾನಿ ಎಂಟರ ತನಕ ಮಲಗಿದ್ದೆರಿ ಸರ’ ಎಂದು ನಕ್ಕಳು. ಅವಳ ತಾಯಿಯೂ ನಕ್ಕಳು. ವಾರದ ಆರು ದಿನ ಮನೆಗೆಲಸ, ಶಾಲೆ. ಏಳನೆಯ ದಿನ ಹೊಲ. ಅದರ ನಡುವೆ ಅವಳಿಗೆ ಸಿಕ್ಕ ಸುಖ ಒಂದು ಬೆಳಗಿನ ನಿದ್ದೆ. ನನ್ನ ವಿಶೇಷ ತರಗತಿ ಕಿತ್ತುಕೊಳ್ಳಲು ಹೊರಟಿದ್ದು ಅದನ್ನೇ. ತಾಯಿ ಉಡಿ ತುಂಬ ಹಸಿ ತೊಗರಿಕಾಯಿ ಕೊಟ್ಟು ಕಳಿಸಿದಳು. ರಾತ್ರಿ ಉಪ್ಪು ಹಾಕಿ ಕುದಿಸಿ, ಮನೆಮಂದಿಯೆಲ್ಲ ಸುತ್ತ ಕೂತು ಸುಲಿದು ತಿಂದೆವು.

ವಾರದ ರಜೆ ಪುಕ್ಕಟೆ ಸಿಕ್ಕಿದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ನೇತೃತ್ವದಲ್ಲಿ ಹೋರಾಡಿ 1890ರಲ್ಲಿ ಭಾನುವಾರದ ರಜೆ ಪಡೆದರು. ನಮ್ಮ ಭಾಗದಲ್ಲಿ ನಿಜಾಮರ ಕಾಲಕ್ಕೆ ಶುಕ್ರವಾರ ಶಾಲೆಗೆ ರಜೆ ಇತ್ತೆಂದು ನಮ್ಮಪ್ಪ ಹೇಳುತ್ತಿದ್ದರು. ವಾರ ಯಾವುದಾದರೇನು, ಬಿಡುವು ಬೇಕೆಂಬುದು ಹಿರಿಯರಿಗೆ ತಿಳಿದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೆಯ ತರಗತಿಯ ಮಕ್ಕಳಿಗೆ 10 ದಿನ ಚೀಲವಿಲ್ಲದ ಕಲಿಕೆ ಬೇಕೆಂದಿದೆ. ಗಿರಣಿಯವರಿಗೆ ಸಿಕ್ಕಿದ್ದನ್ನು ಹತ್ತನೆಯ ತರಗತಿಯವರಿಂದ ಕಿತ್ತುಕೊಂಡವರು ನಾವು.

ಸೋಮವಾರ ಆ ಹುಡುಗಿಯನ್ನು ಕರೆದು, ಹುಳದ ಸಂಗತಿಯನ್ನು ತರಗತಿಗೆ ಹೇಳಲು ಕೇಳಿದೆ. ಮೊದಲು ಹೆದರಿದಳು, ಆಮೇಲೆ ಹತ್ತು ನಿಮಿಷ ಹೇಳಿದಳು. ಅಂದು ನೋಟ್ಸ್ ಬರೆಸಬೇಕಾಗಲಿಲ್ಲ. ವಿಶೇಷ ತರಗತಿಯನ್ನು ನಾನು ಬಿಟ್ಟಿಲ್ಲ. ಓದಿನಲ್ಲಿ ಹಿಂದುಳಿದವರಿಗೆ ಅದು ಬೇಕೇ ಬೇಕು. ಆದರೆ ಅದನ್ನು ವಾರದ ನಡುವಿನ ಸಂಜೆಗಳಿಗೆ ಹಾಕಿಕೊಂಡಿದ್ದೇನೆ. ಐತ್ವಾರ ಮಕ್ಕಳದು.

ಪಾಲಕರಲ್ಲಿ ಒಂದೇ ವಿನಂತಿ. ನಿಮ್ಮ ಮಗ ಅಥವಾ ಮಗಳು ಐತ್ವಾರ ಮಾಳಿಗೆಯ ಮೇಲೆ ಸುಮ್ಮನೆ ಕೂತದ್ದು ಕಂಡರೆ, ‘ಏನ್ ಮಾಡ್ಲತ್ತೀದಿ?’ ಎಂದು ಗದರಬೇಡಿ. ಮೊಬೈಲನ್ನು ಒಳಗಿಟ್ಟು ನೀವೂ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ. ಮಕ್ಕಳೇ, ನೀವು ಅಮ್ಮನ ಜತೆ ಒಂದು ರೊಟ್ಟಿ ಬಡಿದು ನೋಡಿ. ಮುರಿದರೂ ಚಿಂತೆಯಿಲ್ಲ.

ಆ ವಾರವೇ ಮಗಳಿಗೆ ಫೋನು ಮಾಡಿ, ರಾತ್ರಿ ಒಂಬತ್ತಕ್ಕೆ ಪೂರ್ವದ ಆಕಾಶ ನೋಡು ಎಂದು ಹೇಳಿದ್ದೆ. ಮುಂದಿನ ಶನಿವಾರ ಅವಳೇ ಮಾಡಿದಳು.

‘ಅಪ್ಪಾ, ಬೆಂಗಳೂರಿನ ಲೈಟಿನಾಗೂ ಸಾಲಿನ ಮೂರು ಚುಕ್ಕಿ ಕಂಡ್ವು.’

‘ಎಷ್ಟೊತ್ತು ನೋಡ್ದಿ?’

‘ಅರ್ಧ ತಾಸು ಆಗಿರಬೇಕು.’

‘ಆಮ್ಯಾಲ ಏನ್ ಮಾಡ್ದಿ?’

‘ಏನಿಲ್ಲಪ್ಪಾ, ಸುಮ್ಮ ಕುಂತಿದ್ದೆ’ ಎಂದಳು.